‘ಹಾಸ್ಯಾಸ್ಪದ’ ದುರುಗಕ್ಕನ ಕಸದ ಗಾಡಿ

ತ್ಯಾವಣಿಗೆಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಾಲಿನ ಡೇರಿ ಮುಂದೆ ಕ್ಯಾನುಗಳ ಸದ್ದು ಏಳುವ ಹೊತ್ತಿಗೆ ಪಂಚಾಯ್ತಿಯ ಕಸದ ಗಾಡಿ ಮೊದಲ ಓಣಿಗೆ ತಿರುಗುತ್ತದೆ. ಓಡಿಸುತ್ತಿರುವವರು ಸೀರೆಯ ಮೇಲೆ ಖಾಕಿ ಕೋಟು ತೊಟ್ಟ ದುರುಗಕ್ಕ. ಗಾಡಿ ನಿಲ್ಲಿಸಿ, ಮೈಕು ಬಾಯಿಗಿಟ್ಟುಕೊಂಡು, ಗಂಟಲು ಸರಿಮಾಡಿಕೊಳ್ಳುತ್ತಾರೆ. ಬೇರೆ ಕಡೆ ಕಸದ ಗಾಡಿ ಬಂದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ, ಇಲ್ಲಿ ಕಿವಿ ನೆಟ್ಟಗೆ ಮಾಡುತ್ತಾರೆ.

ಹಸಿ ಕಸ ಹಸಿರು ಬುಟ್ಟಿಗೆ,
ಒಣ ಕಸ ನೀಲಿ ಬುಟ್ಟಿಗೆ,
ಅತ್ತೆ ಸೊಸೆ ಜಗಳ ಮಾತ್ರ
ಹಾಕಬ್ಯಾಡ್ರಿ ನನ್ನ ತೊಟ್ಟಿಗೆ!

ಬುಟ್ಟಿ ಹಿಡಿದು ಬಂದ ಓಬವ್ವ ಎಂಬ ಅಜ್ಜಿ ಸುಮ್ಮನೆ ಹೋಗುವವರಲ್ಲ. “ನಿನ್ನ ಗಾಡಿ ಎಲ್ಲಿ ಸಾಕಾಗ್ತೈತೆ ದುರುಗಿ, ನಮ್ಮನೆ ಜಗಳಕ್ಕೆ ಲಾರಿನೇ ಬೇಕು” ಅನ್ನುತ್ತಾರೆ. ಹಿಂದೆ ನಿಂತ ಸೊಸೆಯೂ ನಗುತ್ತಾಳೆ. ಆ ಮನೆಯ ಬೆಳಗು ಅಷ್ಟರಮಟ್ಟಿಗೆ ಸುಸೂತ್ರವಾಯಿತು.

ದುರುಗಕ್ಕನ ತವರು ಜಗಳೂರಿನ ಕಡೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ವರ್ಷಗಟ್ಟಲೆ ಬತ್ತದ ನಾಟಿಗೆ ಹೋದರು. ಗಂಡ ಕೆಂಚೇಶ್ ಕಟಾವು ಮಿಷನ್ ಓಡಿಸುತ್ತಾರೆ. ಹೆಂಗಸರೇ ಕಸದ ಗಾಡಿ ಓಡಿಸಬೇಕು ಎಂದು ಪಂಚಾಯ್ತಿ ಹೇಳಿದಾಗ ಇವರು ಮುಂದೆ ಬಂದರು. ಊರಿನ ಕೆಲವರು ಗೋಡೆ ಹುಷಾರು ಎಂದು ಹಾಸ್ಯ ಮಾಡಿದರು. ಆದರೆ ಒಂದು ಗೋಡೆಗೂ ಗೀರು ಬೀಳಲಿಲ್ಲ. ಬಿದ್ದದ್ದು ಅವರ ಕೈಗೇ. ಹಸಿ ಕಸದೊಳಗೆ ಅಡಗಿಸಿಟ್ಟ ಒಡೆದ ಸೀಸೆಯ ಗಾಜು ಅಂಗೈ ಸೀಳಿದ ಗುರುತು ಇನ್ನೂ ಇದೆ. ನೀರು ಕೇಳಿದರೆ ಗೇಟಿನ ಆಚೆಗೇ ಚೊಂಬು ಇಟ್ಟು ಒಳಗೆ ಹೋಗುತ್ತಿದ್ದ ಮನೆಗಳೂ ಇದ್ದವು.

ಪದ್ಯ ಹುಟ್ಟಿದ್ದು ಗಾಡಿಯ ಹಾಡು ಕೆಟ್ಟಿದ್ದರಿಂದ. ರೆಕಾರ್ಡು ಒಂದು ದಿನ ‘ಸ್ವಚ್ಛ, ಸ್ವಚ್ಛ, ಸ್ವಚ್ಛ’ ಎಂದು ಅಲ್ಲೇ ಸಿಕ್ಕಿಕೊಂಡಿತು. ಅದನ್ನು ನಿಲ್ಲಿಸಿ ದುರುಗಕ್ಕ ತಾವೇ ಬಾಯಿ ಬಿಟ್ಟರು. ಬೈದರೆ ಜನ ಜಗಳಕ್ಕೆ ಬರುತ್ತಾರೆ, ನಗಿಸಿದರೆ ಬುಟ್ಟಿ ತರುತ್ತಾರೆ ಎಂಬುದು ವಾರದಲ್ಲೇ ಗೊತ್ತಾಯಿತು. ಕೈ ಸೀಳಿದ ಸೀಸೆಯ ಮೇಲೂ ಒಂದು ಕಟ್ಟಿದರು:

ಸೊಪ್ಪಿನ ಕೆಳಗೆ ಸೀಸೆ ಇಟ್ಟು
ಸದ್ದಿಲ್ಲದಂಗೆ ತಂದಾರಪ್ಪ,
ಸೀಸೆ ನೆಟ್ಟಗೆ ನಿಂತೈತೆ ಪಾಪ,
ತಂದೋರೇ ತೂರಾಡ್ತಾರಪ್ಪ!

ಹೆಸರು ಹೇಳಲಿಲ್ಲ. ಆದರೂ ಓಣಿಯೆಲ್ಲ ಒಂದೇ ಮನೆಯ ಕಡೆ ತಿರುಗಿ ನೋಡಿತು. ಮರುದಿನದಿಂದ ಆ ಮನೆಯ ಸೀಸೆ ಮರ್ಯಾದೆಯಾಗಿ ನೀಲಿ ಬುಟ್ಟಿಯಲ್ಲೇ ಬರುತ್ತಿದೆ.

ಮದುವೆಗೆಂದು ಬಂದಿದ್ದ ಹೊನ್ನಾಳಿಯ ವೆಂಕಟೇಶ್ ಕಿವಿಗೆ ಈ ಪದ್ಯ ಬಿತ್ತು. ಅವರು ಅಲ್ಲಿನ ಸಾಹಿತ್ಯ ಬಳಗವೊಂದರ ಕಾರ್ಯದರ್ಶಿ. ನಿಂತಲ್ಲೇ ದುರುಗಕ್ಕನನ್ನು ಕವಿಗೋಷ್ಠಿಗೆ ಕರೆದರು, ವಾರದೊಳಗೆ ಕಾರ್ಡೂ ಕಳಿಸಿದರು. ಅದರಲ್ಲಿ ಉಳಿದವರೆಲ್ಲ ‘ಗೌರವಾಸ್ಪದ ಕವಿಗಳು’. ಇವರ ಹೆಸರಿನ ಹಿಂದೆ ಮಾತ್ರ ‘ಹಾಸ್ಯಾಸ್ಪದ ಕವಯಿತ್ರಿ’. ಬರೀ ‘ಹಾಸ್ಯ’ ಎಂದರೆ ಸಪ್ಪೆಯಾದೀತು, ಉಳಿದವರ ಸಮಕ್ಕೆ ತೂಕ ಬರಲಿ ಎಂದು ಪಾಪ ಆ ಪುಣ್ಯಾತ್ಮ ಪ್ರೀತಿಯಿಂದಲೇ ಬರೆದಿದ್ದರು. ದುರುಗಕ್ಕನೂ ಪ್ರೀತಿಯಿಂದಲೇ ಅದನ್ನು ಗಾಡಿಯ ಮುಂದಿನ ಗಾಜಿಗೆ ಅಂಟಿಸಿಕೊಂಡು ಊರೆಲ್ಲ ಸುತ್ತಿದರು.

ಗ್ರಂಥಾಲಯ ನೋಡಿಕೊಳ್ಳುವ ಚೈತ್ರಶ್ರೀ ಕಾರ್ಡು ಓದಿ, ಅಕ್ಕನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: ನೋಡಿದವರು ಆಡಿಕೊಂಡು ನಗುವಂಥದ್ದು ಎಂದು ಆ ಪದದ ಅರ್ಥ. ದುರುಗಕ್ಕನ ಮುಖ ಸಣ್ಣದಾಯಿತು. ಎರಡು ದಿನ ಗಾಡಿಯ ಮೈಕು ಮಾತಾಡಲಿಲ್ಲ. ಹೋದರೆ ನಗೆಪಾಟಲು, ಹೋಗದಿದ್ದರೆ ಕಸದವಳಿಗೆ ಕವಿತೆ ಯಾಕೆ ಎಂದವರ ಮಾತೇ ನಿಜವಾಗುತ್ತದೆ. “ನಾನು ಅವರನ್ನ ನಗಸಾಕೆ ಹೊಂಟೋಳು. ಅವರು ನನ್ನ ನೋಡಿ ನಗಾಕೆ ಕಾಯ್ತಾ ಕುಂತಿದ್ರೆ ಏನು ಮಾಡ್ಲಿ ಅನ್ನಿಸ್ತು” ಎನ್ನುತ್ತಾರೆ. ಗೋಷ್ಠಿಯ ದಿನ, ಭಾನುವಾರ ಬೆಳಿಗ್ಗೆ, ಕೆಂಚೇಶ್ ಬೈಕು ತೊಳೆದು ಬಾಗಿಲಿಗೆ ತಂದು ನಿಲ್ಲಿಸಿದರು.

ಹೊನ್ನಾಳಿ, ನ್ಯಾಮತಿಯ ಕವಿಗಳೆಲ್ಲ ಬಂದಿದ್ದರು. ಅಧ್ಯಕ್ಷರು ಪಾಪಣ್ಣ ಮೇಷ್ಟ್ರು. ಇಂದಿನ ಕವಿತೆಯ ಜೀವಾಳವೇ ನೋವು, ನಗೆಗೆ ಅಲ್ಲೇನು ಕೆಲಸ ಎಂದು ಮೊದಲೇ ಗಂಟು ಮುಖದಲ್ಲಿ ಹೇಳಿಬಿಟ್ಟಿದ್ದರು. ಒಬ್ಬರಾದ ಮೇಲೊಬ್ಬರು ನೋವು ಓದಿದರು, ಸಭೆ ತೂಕಡಿಸಿತು. ಅಲ್ರೀ, ಅಳಿಸುವುದಕ್ಕೆ ಒಂದು ಈರುಳ್ಳಿ ಸಾಕು, ನಗಿಸುವುದೇನು ಸುಮ್ಮನೆ ಮಾತೇ? ಊಟದ ಹೊತ್ತಾಗಿ ಕುರ್ಚಿಗಳು ಸರಿಯತೊಡಗಿದಾಗ ದುರುಗಕ್ಕನ ಹೆಸರು ಕರೆದರು. ‘ಹಾಸ್ಯಾಸ್ಪದ ಕವಯಿತ್ರಿ’ ಎಂದು ಕಾರ್ಡು ನೋಡಿಯೇ ಓದಿದರು. ಹಿಂದಿನ ಸಾಲಿನಲ್ಲಿ ಕಿಸಕ್ಕನೆ ನಗು ಎದ್ದಿತು. ಅದೇ ನಗು, ಅವರು ಹೆದರಿದ್ದ ನಗು. ದುರುಗಕ್ಕ ಮೈಕು ಹಿಡಿದರು.

ಕಾರ್ಡಿನಾಗೆ ನನ್ನ ಹೆಸರಿನ ಹಿಂದೆ ಪದವೊಂದು ಬಿದ್ದೈತೆ,
ಹಸಿ ಕಸವೋ ಒಣ ಕಸವೋ, ಮೂಸಿ ನೋಡಿದ್ರೆ ಎರಡೂ ಐತೆ,
ಬೈಯಲ್ಲ ನಾನು, ಬಿಸಾಕಲ್ಲ, ನಮ್ಮನ್ಯಾಗೆ ಗೊಬ್ಬರಗುಂಡಿ ಐತೆ,
ಆರು ತಿಂಗಳು ಬಿಟ್ಟು ಬರ್ರಿ, ಹೂವಾಗಿ ನಗ್ತಾ ಕುಂತಿರ್ತೈತೆ!

ಎದ್ದವರು ಕೂತರು. ಮೊದಲು ನಕ್ಕಿದ್ದು ತಪ್ಪು ಮಾಡಿದ್ದ ವೆಂಕಟೇಶ್, ತಲೆ ಚಚ್ಚಿಕೊಂಡು ನಕ್ಕರು. ಆಮೇಲೆ ಸಭೆಗೆ ಸಭೆಯೇ. ಇನ್ನೊಂದು, ಇನ್ನೊಂದು ಎಂದು ಅತ್ತೆ ಸೊಸೆ, ಸೀಸೆ ಎಲ್ಲ ಹೇಳಿಸಿದರು. ಅನ್ನ ಆರುತ್ತಿದೆ ಎಂದು ಅಡುಗೆಯವರು ಕರೆಯಲು ಬಂದು ಅವರೂ ಬಾಗಿಲಲ್ಲೇ ನಿಂತುಬಿಟ್ಟರು. ಪಾಪಣ್ಣ ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ಎದ್ದರು. “ನಗೂನ ನಾವು ಕವಿತೆಯಿಂದ ಗುಡಿಸಿ ಆಚೆ ಹಾಕಿದ್ವಿ. ಈ ತಾಯಿ ಅದನ್ನ ಗಾಡಿಯಾಗೆ ಹೊತ್ಕೊಂಡು ವಾಪಸ್ ತಂದಾಳೆ” ಎಂದರು. ಆ ದಿನ ಊಟದ ಮೊದಲ ಎಲೆ ಹಾಕಿದ್ದು ದುರುಗಕ್ಕನಿಗೆ. ಮೇಷ್ಟ್ರೇ ಕೈಯಾರೆ ಲೋಟಕ್ಕೆ ನೀರು ಹಾಕಿ ಕೊಟ್ಟರು. ಆ ಲೋಟ ಹಿಡಿದಾಗ ದುರುಗಕ್ಕನಿಗೆ ಗೇಟಿನಾಚೆಯ ಚೊಂಬು ನೆನಪಾಯಿತು.

ವೆಂಕಟೇಶ್ ತಿದ್ದಿದ ಹೊಸ ಕಾರ್ಡು ಮಾಡಿಸಿಕೊಂಡು ಬಂದರೆ ದುರುಗಕ್ಕ ತೆಗೆದುಕೊಳ್ಳಲಿಲ್ಲ. ಗಾಡಿಯ ಗಾಜಿನ ಮೇಲೆ ಈಗಲೂ ಹಳೆಯದೇ ಇದೆ. ಈಗ ತವರಿನಿಂದ, ಜಗಳೂರಿನಿಂದಲೇ ಕವಿಗೋಷ್ಠಿಗೆ ಕರೆ ಬಂದಿದೆ. ಕಾರ್ಡಿನಲ್ಲಿ ಏನು ಹಾಕಲಿ ಎಂದು ಕೇಳಿದವರಿಗೆ ಅದೇ ಪದ ಹಾಕಿ ಎಂದಿದ್ದಾರೆ.

“ಆಸ್ಪದ ಅಂದ್ರೆ ಜಾಗ ಅಂತ ಚೈತ್ರಮ್ಮ ಆಮೇಲೆ ಹೇಳಿದ್ಳು” ಎನ್ನುತ್ತ ಅವರು ಗಾಡಿ ಸ್ಟಾರ್ಟ್ ಮಾಡುತ್ತಾರೆ. “ಗೌರವಕ್ಕೆ ಜಾಗ ಕೊಡೋರು ಊರ್ ತುಂಬ ಅದಾರೆ. ನಗಾಕೂ ಯಾರಾದ್ರೂ ಒಂದೀಟು ಜಾಗ ಕೊಡಬೇಕಲ್ರೀ? ನಾನು ಕೊಡ್ತೀನಿ.”