ಕೊನೆಯ ನಿಮಿಷವನ್ನೂ ನೋಡುವ ಸೂಜಿಯಕ್ಕ

ರಾತ್ರಿ ಹನ್ನೊಂದೂವರೆ. ಊಟದ ಮೇಜಿನ ಮೇಲಿಟ್ಟ ಫೋನು ಸಣ್ಣಗೆ ಗುಂಯ್ ಎನ್ನುತ್ತದೆ. ಯಾರೋ ವಿಡಿಯೊ ಕಳಿಸಿದ್ದಾರೆ: ‘ಏಳೇ ದಿನದಲ್ಲಿ ಸಕ್ಕರೆ ಕಾಯಿಲೆಗೆ ಮುಕ್ತಿ’. ಕೆಳಗೊಂದು ಪ್ರಶ್ನೆ: ‘ಅಕ್ಕಾ, ನಿಜಾನಾ?’ ಫೋನಿನ ಒಡತಿ ಆಗಲೇ ಮಲಗಿದ್ದಾರೆ. ಬೆಳಗಿನ ಆರಕ್ಕೆ ಅವರು ಮೊದಲ ಮನೆಯ ಬಾಗಿಲಲ್ಲಿರಬೇಕು.

ಆ ಮೊದಲ ಮನೆ ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿದೆ. ಅಂಚೆ ಕಚೇರಿಯಿಂದ ನಿವೃತ್ತರಾದ ಅಜ್ಜಿಯೊಬ್ಬರು ತೋಳು ಚಾಚಿ ಕುಳಿತಿದ್ದಾರೆ.

“ಏನೂ ತಿಂದಿಲ್ಲ ತಾನೇ ಅಜ್ಜಿ?”

“ನೀರೂ ಮುಟ್ಟಿಲ್ಲ ಕಣಮ್ಮ.”

“ನೀರು ಕುಡೀಬಹುದಿತ್ತು. ಮೊನ್ನೆಯಿಂದ ಪಥ್ಯ ಶುರುನಾ?”

“ಪರೀಕ್ಷೆ ಅಂದ್ಮೇಲೆ ಓದ್ಕೋಬೇಡ್ವಾ?”

ಇಬ್ಬರೂ ನಗುತ್ತಾರೆ. ಆ ನಗು ಮುಗಿಯುವುದರೊಳಗೆ ಸೂಜಿ ಒಳಹೋಗಿ ಹೊರಬಂದಿರುತ್ತದೆ. ಬಳಸಿದ ಸೂಜಿ ಡಬ್ಬಿಗೆ ಬಿದ್ದ ಮೇಲೆ ಮುಚ್ಚಳವನ್ನು ಎರಡು ಸಲ ಒತ್ತಿ ನೋಡುವುದು, ಬಡಾವಣೆಯವರೆಲ್ಲ ಸೂಜಿಯಕ್ಕ ಎಂದೇ ಕರೆಯುವ ಇವರ ಅಭ್ಯಾಸ.

ರಕ್ತ ಕೊಡುವ ಎರಡು ದಿನ ಮುಂಚೆ ಇಡೀ ಬಡಾವಣೆ ಸನ್ಯಾಸ ತೆಗೆದುಕೊಳ್ಳುತ್ತದೆ ಎಂಬುದು ಈ ಕೆಲಸದವರಿಗೆಲ್ಲ ಗೊತ್ತು. “ಮೂರು ತಿಂಗಳ ಸರಾಸರಿ ಹೇಳೋ ಪರೀಕ್ಷೆ ಒಂದಿದೆ. ಅದರ ಹತ್ರ ಯಾರ ಆಟವೂ ನಡೆಯಲ್ಲ,” ಎನ್ನುತ್ತಾರೆ ಸೂಜಿಯಕ್ಕ.

ಒಂದು ಲ್ಯಾಬ್‌ಗಾಗಿ ಮನೆಮನೆಗೆ ಹೋಗಿ ರಕ್ತ ತೆಗೆಯುತ್ತ ಅವರಿಗೆ ಹತ್ತೊಂಬತ್ತು ವರ್ಷವಾಗಿದೆ. ದಿನವೂ ಬೆಳಗಿನ ಒಂಬತ್ತರೊಳಗೆ ಹದಿನಾಲ್ಕು ಮನೆ. ಮಂಡಿ ಸವೆದಿದೆ, ನಾಯಿ ಎರಡು ಸಲ ಕಚ್ಚಿದೆ. ಹೋದ ಕಡೆಯಲ್ಲೆಲ್ಲ ಜನ ಫೋನು ಮುಂದೆ ಹಿಡಿದು ‘ಇದನ್ನ ಕುಡೀಬಹುದಾ, ಅದನ್ನ ಬಿಡಬಹುದಾ’ ಎಂದು ಕೇಳುತ್ತಿದ್ದರು. ಉತ್ತರ ಹೇಳಿ ಸಾಕಾಗಿ ನಾಲ್ಕು ವರ್ಷದ ಹಿಂದೆ ಒಂದು ವಾಟ್ಸ್‌ಆ್ಯಪ್ ಗುಂಪು ಕಟ್ಟಿದರು. ಊಟದ ಮೇಲೆ ಹತ್ತು ನಿಮಿಷ ನಡೆಯಿರಿ, ಮಲಗುವ ಮುಂಚೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ ಎಂಬಂಥ ಸಣ್ಣ ಮಾತುಗಳನ್ನು ಅದಕ್ಕೆ ಹಾಕುತ್ತಿದ್ದರು.

ಕಳೆದ ವರ್ಷ ಒಂದು ದಿನ, ಗುಂಪಿನಲ್ಲಿದ್ದ ಟೈಲರ್ ಒಬ್ಬರ ಹೆಂಡತಿ ಗಾಬರಿಯಿಂದ ಫೋನು ಮಾಡಿದರು. ಮೆಷಿನ್ ತುಳಿಯುವ ಕಾಲಿನ ಗಾಯವನ್ನು ಗಂಡ ಕಾಲುಚೀಲದೊಳಗೆ ಮುಚ್ಚಿಟ್ಟಿದ್ದರು. ಸೂಜಿಯಕ್ಕ ಹೋಗಿ ನೋಡಿದರೆ ಸಕ್ಕರೆ ನಾನೂರ ಹನ್ನೆರಡು. ಮಾತ್ರೆ ಬಿಟ್ಟು ಎರಡು ತಿಂಗಳಾಗಿತ್ತು.

“ಬಿಡಿ ಅಂತ ಯಾರಣ್ಣ ಹೇಳಿದ್ದು?”

“ಯಾವುದೋ ವಿಡಿಯೊ, ಬಿಡಮ್ಮ,” ಎಂದು ಟೈಲರ್ ಮಾತು ತೇಲಿಸಿದರು. ಹೆಂಡತಿ ಫೋನು ಕಿತ್ತು ತೋರಿಸಿದರು. ವಿಡಿಯೊ ಕಳಿಸಿದವರ ಜಾಗದಲ್ಲಿದ್ದದ್ದು ಸೂಜಿಯಕ್ಕನದೇ ಫೋಟೊ.

ಐದು ನಿಮಿಷದ ವಿಡಿಯೊ ಅದು. ಮೊದಲ ನಾಲ್ಕು ನಿಮಿಷ ನಡಿಗೆ, ವ್ಯಾಯಾಮದ ಒಳ್ಳೆಯ ಮಾತು. ಸೂಜಿಯಕ್ಕ ಅಷ್ಟನ್ನು ನೋಡಿ, ಮೆಟ್ಟಿಲು ಹತ್ತುತ್ತಲೇ ಎಲ್ಲರಿಗೂ ಕಳಿಸಿದ್ದರು. ಮಾತ್ರೆ ಬೇಡ ಎನ್ನುವುದು ಕೊನೆಯ ನಿಮಿಷದಲ್ಲಿತ್ತು.

ಅವತ್ತೇ ಟೈಲರ್ ಅವರನ್ನು ಆಸ್ಪತ್ರೆಗೆ ಸೇರಿಸಿ, ಅಲ್ಲಿನ ಬೆಂಚಿನ ಮೇಲೆ ಕುಳಿತು ಸೂಜಿಯಕ್ಕ ಗುಂಪಿಗೆ ಬರೆದರು: ‘ಆ ವಿಡಿಯೊ ಕಳಿಸಿದ್ದು ನಾನು. ಪೂರ್ತಿ ನೋಡಿರಲಿಲ್ಲ. ನನ್ನಿಂದ ತಪ್ಪಾಗಿದೆ. ಡಾಕ್ಟರನ್ನು ಕೇಳದೆ ಯಾರೂ ಮಾತ್ರೆ ಬಿಡಬೇಡಿ.’ ಸಂಜೆಯೊಳಗೆ ಒಂಬತ್ತು ಜನ ಗುಂಪು ಬಿಟ್ಟರು. ‘ರಕ್ತ ತೆಗೆಯೋದಷ್ಟೇ ನಿನ್ನ ಕೆಲಸ’ ಎಂದು ಲ್ಯಾಬ್‌ನವರು ಗದರಿದರು. ಟೈಲರ್ ಅವರ ಕಾಲು ಉಳಿಯಿತು, ಕಿರುಬೆರಳು ಉಳಿಯಲಿಲ್ಲ.

“ಗ್ರೂಪ್ ಮುಚ್ಚಿಬಿಡೋಣ ಅಂತಿದ್ದೆ. ತಡೆದೋರು ಆ ಅಣ್ಣಾನೇ. ‘ನನ್ನ ಕಾಲು ವಾಸಿಯಾಗೋವರೆಗೂ ನೀನು ಎಲ್ಲೂ ಓಡಿಹೋಗೋ ಹಾಗಿಲ್ಲ’ ಅಂದ್ರು.”

ಈಗ ಗುಂಪಿನಲ್ಲಿ ಅರವತ್ತಮೂರು ಜನರಿದ್ದಾರೆ. ಬರುವ ಪ್ರತಿ ವಿಡಿಯೊವನ್ನೂ ಸೂಜಿಯಕ್ಕ ಕೊನೆಯವರೆಗೆ ನೋಡುತ್ತಾರೆ. ಅನುಮಾನ ಬಂದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು ಭಾನುವಾರ ಕ್ಲಿನಿಕ್ಕಿನ ಡಾಕ್ಟರಮ್ಮನನ್ನು ಕೇಳುತ್ತಾರೆ. “ಅಮ್ಮಾ, ನಿಂದು ಲ್ಯಾಬ್ ಕೆಲಸಾನಾ, ಸೆನ್ಸಾರ್ ಮಂಡಳಿನಾ?” ಎಂದು ಮಗಳು ಕಾಡಿಸುತ್ತಾಳೆ. ಅವರ ಆಸೆ ದೊಡ್ಡದಲ್ಲ: “ನಾನು ಕಳಿಸಿದ್ದನ್ನೂ ಜನ ಒಂಚೂರು ಅನುಮಾನದಿಂದ ನೋಡ್ಲಿ. ಅಷ್ಟಾದ್ರೆ ಸಾಕು.”

ಒಂಬತ್ತಕ್ಕೆ ಇನ್ನು ಹತ್ತು ನಿಮಿಷ. ಕೊನೆಯ ಮನೆ ಟೈಲರ್ ಅವರದು. ಸೂಜಿಯಕ್ಕ ಇವತ್ತು ಹೇಳದೆ ಕೇಳದೆ ಬಂದಿದ್ದಾರೆ, ಟೈಲರ್‌ಗೆ ಪಥ್ಯದ ನಾಟಕಕ್ಕೆ ಸಮಯ ಸಿಕ್ಕಿಲ್ಲ. ಬೆರಳ ತುದಿಯ ಹನಿಯನ್ನು ಮೀಟರ್ ಹೀರಿಕೊಳ್ಳುತ್ತದೆ. ಇಬ್ಬರೂ ಬಗ್ಗಿ ನೋಡುತ್ತಾರೆ. ಟೈಲರ್ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡುತ್ತಾರೆ.

“ಗ್ರೂಪ್‌ಗೆ ಹಾಕ್ಲಾ?”

“ಬೇಡಣ್ಣ, ಇದು ಒಂದು ದಿನದ್ದು. ಹಾಕಿದ್ರೆ ‘ಟೈಲರ್ ನಿನ್ನೆ ಏನು ತಿಂದ್ರು’ ಅಂತ ಕೇಳ್ತಾರೆ. ನಾಳೆಯಿಂದ ಎಲ್ಲರೂ ಅದನ್ನೇ ತಿಂತಾರೆ.”

“ಎಷ್ಟು ಬಂತ್ರೀ?” ಒಳಗಿನಿಂದ ಹೆಂಡತಿ ಕೂಗುತ್ತಾರೆ.

ಟೈಲರ್ ಮೀಟರನ್ನು ಅಂಗೈಯಲ್ಲಿ ಮುಚ್ಚಿಕೊಳ್ಳುತ್ತಾರೆ. “ಮೂರು ತಿಂಗಳದ್ದು ಬರ್ಲಿ ಕಣೇ. ಅಲ್ಲೀವರೆಗೆ ಯಾರಿಗೂ ಹೇಳಲ್ಲ. ನಿಂಗೂ ಇಲ್ಲ.”

ಆ ಸಂಖ್ಯೆ ಈ ಬರಹದಲ್ಲೂ ಇಲ್ಲ.