ತಮ್ಮನ ದೋಣಿಯಲ್ಲಿ ಬಸುರಿ ಲೆಸಿಯೇಲಿ

ದೋಣಿ ಮಾಲೀಕ ಕೆಪು ಲೆಸಿಯೇಲಿಗೆ ಅರ್ಧ ದಿನದ ಕೂಲಿ ಇನ್ನೂ ಕೊಡಬೇಕು. ಅವತ್ತು ಬೆಳಗಿನ ಹೊತ್ತು ಹಾಳಾಯಿತು, ಹಾಳಾದ ಹೊತ್ತಿಗೆ ಕೂಲಿ ಇಲ್ಲ ಎನ್ನುವುದು ಅವನ ವಾದ. ಹಾಳು ಮಾಡಿದವನು ಅವನೇ. ಟೋಂಗಾ ದ್ವೀಪದೇಶದ ನೇಯಾಫು ಬಂದರಿನಲ್ಲಿ ಯಾರನ್ನು ಕೇಳಿದರೂ ಹೊಟ್ಟೆ ಹಿಡಿದುಕೊಂಡು ನಗುತ್ತಾ ಹೇಳುತ್ತಾರೆ.

ಲೆಸಿಯೇಲಿಯದು ತಿಮಿಂಗಿಲ ತೋರಿಸುವ ಕೆಲಸ. ಮರಿ ಹಾಕಲು ತಿಮಿಂಗಿಲಗಳು ವವಾಉ ದ್ವೀಪಗಳ ನಡುವಿನ ನೀರಿಗೆ ಬರುತ್ತವೆ, ಅವುಗಳ ಬೆನ್ನಿಗೇ ರಜೆಯ ಜನ ಬರುತ್ತಾರೆ. ಅವರು ನೀರಿಗಿಳಿದರೆ ಜೊತೆಗೆ ಒಬ್ಬ ಗೈಡ್ ಇಳಿಯಲೇಬೇಕು. ಅವಳ ತಾತ ಇದೇ ನೀರಿನಲ್ಲಿ ಈಟಿ ಹಿಡಿದು ತಿಮಿಂಗಿಲದ ಬೇಟೆಯಾಡಿದವನು. ಮೊಮ್ಮಗಳು ಅದೇ ಪ್ರಾಣಿಯ ಪಕ್ಕದಲ್ಲಿ ಈಜಿ ಎರಡು ಮಕ್ಕಳನ್ನು ಸಾಕುತ್ತಾಳೆ. ಗಂಡ ಲಾತು ಆಸ್ಟ್ರೇಲಿಯಾಕ್ಕೆ ಟೊಮ್ಯಾಟೊ ಕೀಳಲು ಹೋಗಿದ್ದ. ಹೋಗುವ ಮೊದಲು ಮೂರನೆಯದಕ್ಕೆ ಏರ್ಪಾಟು ಮಾಡಿಯೇ ಹೋಗಿದ್ದ.

ಮೊದಲ ಬಸಿರಿನಲ್ಲಿ ಅವಳು ವೆನಿಲಾ ತೋಟದಲ್ಲಿ ಬಗ್ಗಿ ಕಳೆ ಕಿತ್ತಿದ್ದಳು. ಎರಡನೆಯದರಲ್ಲಿ ಹೆಂಗಸರ ಸಾಲಿನಲ್ಲಿ ಕೂತು ಮರದ ತೊಗಟೆ ಬಡಿದು ಬಟ್ಟೆ ಮಾಡಿದ್ದಳು. ಆಗ ಯಾರೂ ಬೇಡ ಎನ್ನಲಿಲ್ಲ. "ಸೊಂಟ ನೋಯದ ಕೆಲಸ ಅಂದ್ರೆ ಈ ಈಜೊಂದೇ ಕಣ್ರೇ" ಎಂದು ಅಕ್ಕಪಕ್ಕದವರ ಹತ್ತಿರ ಹೇಳುತ್ತಿದ್ದಳು. ಆಸ್ಪತ್ರೆಯ ನರ್ಸಮ್ಮ ಕೂಡ ಆಳಕ್ಕೆ ಮುಳುಗಬೇಡ, ಸುಸ್ತಾದರೆ ಮೇಲೆ ಹತ್ತು ಎಂದಷ್ಟೇ ಹೇಳಿ ಕಳಿಸಿದ್ದಳು.

ತೊಡಕು ಇದ್ದದ್ದು ಹೊಟ್ಟೆಯಲ್ಲಲ್ಲ, ಚುಕ್ಕಾಣಿಯಲ್ಲಿ. ಆ ವರ್ಷ ಕ್ಯಾಪ್ಟನ್ ಆಗಿ ಬಂದವನು ಮಾಫಿ, ಅವಳ ಚಿಕ್ಕಪ್ಪನ ಮಗ. ಟೋಂಗಾದಲ್ಲಿ ಚಿಕ್ಕಪ್ಪನ ಮಗ ಎಂದರೆ ಒಡಹುಟ್ಟಿದ ತಮ್ಮನೇ. ಅಕ್ಕ ತಮ್ಮನ ನಡುವೆ ಮೈಯ ಮಾತು, ಬಸಿರಿನ ಮಾತು ಬರಕೂಡದು. ಅವರಿಬ್ಬರೂ ಇರುವ ಕಡೆ ಬೇರೆಯವರೂ ಎತ್ತಕೂಡದು. ಮಾನದಲ್ಲಿ ಅಕ್ಕ ಯಾವತ್ತಿಗೂ ತಮ್ಮನಿಗಿಂತ ಮೇಲು. ದೋಣಿಗೆ ಅವನು ದೊಡ್ಡವನು, ಅವನಿಗೆ ಅವಳು ದೊಡ್ಡವಳು.

ಹೀಗಾಗಿ ಐದು ತಿಂಗಳು ತುಂಬಿದರೂ ಆ ದೋಣಿಯ ಮೇಲೆ ಮಾತ್ರ ಲೆಸಿಯೇಲಿ ಬಸುರಿಯಲ್ಲ. ಈಜುಡುಪಿನ ಜಿಪ್ ಏರದೆ ಹೋದಾಗ ದೋಣಿಯ ಅಡುಗೆಯ ಮುದುಕ ಹೋಲಾ ಲಾರಿ ಟ್ಯೂಬಿನ ಪಟ್ಟಿ ಹೊಲಿದು ಅಗಲ ಮಾಡಿಕೊಟ್ಟ.

"ಉಪ್ಪುನೀರಿಗೆ ಈ ಬಟ್ಟೆ ಹೆಂಗೆ ಕುಗ್ಗಿಬಿಡ್ತದೆ ನೋಡು ತಾಯಿ," ಎಂದು ಮಾಫಿಗೆ ಕೇಳುವ ಹಾಗೆ ಕೂಗಿ ಹೇಳಿದ.

"ಹೌದು, ಈಗಿನ ರಬ್ಬರ್ ಸರಿ ಇಲ್ಲ," ಎಂದ ಮಾಫಿ, ಸಮುದ್ರ ನೋಡುತ್ತಾ.

ಕೆಪು ಆಕ್ಲೆಂಡಿನಲ್ಲಿ ಬೆಳೆದವನು. ಅವನಿಗೆ ಇದೆಲ್ಲ ಅಜ್ಜಿ ಕಾಲದ ಕಂತೆ. ಒಂದು ದಿನ ಜೆಟ್ಟಿಯ ಮೇಲೆ ಮಾಫಿಯನ್ನು ಅಡ್ಡಗಟ್ಟಿದ.

"ನಿಮ್ಮಕ್ಕನ್ನ ನೀರಿಂದ ಮೇಲಕ್ಕೆ ಕರೆಸು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗೆ ಬರುತ್ತೆ."

"ಏನಾಗುತ್ತೆ ಧಣಿ?"

"ನಿಂಗೆ ಗೊತ್ತಿಲ್ವೇನೋ?"

"ನಂಗೇನೂ ಗೊತ್ತಿಲ್ಲಪ್ಪ," ಎಂದು ಮಾಫಿ ಹಗ್ಗ ಸುತ್ತತೊಡಗಿದ.

ಆದರೂ ಉಪ್ಪು ತಿಂದ ಋಣಕ್ಕೆ ಮಾರನೆಯ ದಿನ ಪ್ರಯತ್ನಪಟ್ಟ. ಅಕ್ಕನಿಗೆ ಬೆನ್ನು ಹಾಕಿ ನಿಂತು ಹೋಲಾನಿಗೆ ಹೇಳಿದ: "ಇವತ್ತು ಅಲೆ ಜಾಸ್ತಿ ಇದೆ ಅಂತ ಹೇಳು."

ಲೆಸಿಯೇಲಿ ಕಾಲಿಗೆ ಈಜುವ ರಬ್ಬರ್ ರೆಕ್ಕೆ ಸಿಕ್ಕಿಸಿಕೊಳ್ಳುತ್ತಾ, "ನೋಹನ ಕಾಲದಲ್ಲಿ ಇನ್ನೂ ಜಾಸ್ತಿ ಇತ್ತಂತೆ, ಕ್ಯಾಪ್ಟನ್‌ಗೆ ಹೇಳು," ಎಂದಳು.

"ಇಬ್ರೂ ಕೈಯಳತೆಯಲ್ಲಿದ್ದೀರಿ, ನಂಗ್ಯಾಕೆ ಈ ಟಪಾಲಿನ ಕೆಲಸ?" ಎಂದು ಹೋಲಾ ಗೆಣಸು ಸುಲಿಯಲು ಹೋದ.

ಕೊನೆಗೆ ಒಂದು ಶನಿವಾರ ಕೆಪು ತಾನೇ ಈಜುಡುಪು ಹಿಡಿದು ದೋಣಿ ಹತ್ತಿದ. ಲೆಸಿಯೇಲಿಗೆ ವಿಷಯ ತಿಳಿದುಹೋಯಿತು. ಈಗ ನೀರು ಬಿಟ್ಟರೆ ಬರುವ ವರ್ಷ ಆ ಜಾಗದಲ್ಲಿ ಬೇರೆ ಯಾರೋ ಇರುತ್ತಾರೆ. ತೋಟದ ಕಳೆ ಅವಳನ್ನು ಕಾಯುತ್ತಿರುತ್ತದೆ.

ಅವತ್ತಿನ ನಾಲ್ಕು ಗಿರಾಕಿಗಳಲ್ಲಿ ಒಬ್ಬಳು ಮೆಲ್ಬರ್ನ್‌ನ ಬ್ರಿಜೆಟ್. ಎತ್ತರದ ಹೆಂಗಸು, ಎತ್ತರದ ದನಿ. ಹತ್ತುತ್ತಲೇ ಹೊಟ್ಟೆ ಸವರಿಕೊಂಡಳು.

"ನಂಗೆ ಆರು ತಿಂಗಳು! ಡಾಕ್ಟರು ಈಜಬಹುದು ಅಂದಿದ್ದಾರೆ. ಏನೂ ತೊಂದ್ರೆ ಇಲ್ಲ ತಾನೆ?"

"ಅಯ್ಯೋ, ಏನೂ ಇಲ್ಲ ಮೇಡಂ!" ಎಂದ ಕೆಪು. "ಇಂಥ ಹೊತ್ತಲ್ಲಿ ಸಮುದ್ರಕ್ಕಿಂತ ಒಳ್ಳೇದು ಯಾವುದಿದೆ? ಅದೂ ತಾಯಿ, ನೀವೂ ತಾಯಿ."

ಚುಕ್ಕಾಣಿಯ ಹತ್ತಿರ ಮಾಫಿ ಕೆಮ್ಮಿದ. ಬ್ರಿಜೆಟ್‌ಳ ಕಣ್ಣು ಲಾರಿ ಟ್ಯೂಬಿನ ಪಟ್ಟಿಯ ಮೇಲೆ ಬಿತ್ತು. "ಅರೆ, ನಿಮಗೂನಾ? ಎಷ್ಟು ತಿಂಗಳು?" ಎಂದು ಲೆಸಿಯೇಲಿಯ ಹೊಟ್ಟೆಯ ಮೇಲೆ ಕೈ ಇಟ್ಟೇಬಿಟ್ಟಳು.

ಮಾಫಿ ಚರ್ಚಿನ ಹಾಡೊಂದನ್ನು ಗಂಟಲು ಹರಿಯುವಂತೆ ಎತ್ತಿಕೊಂಡ. ಹೋಲಾ ಸೌಟು ಹಿಡಿದೇ ಕೆಳದನಿಯಲ್ಲಿ ಜೊತೆ ಸೇರಿಸಿದ. ಆ ಗದ್ದಲದಲ್ಲಿ ಲೆಸಿಯೇಲಿ ಬ್ರಿಜೆಟ್‌ಳ ಕಿವಿಯಲ್ಲಿ, "ಹಾಡ್ತಾ ಇರೋನು ನನ್ನ ತಮ್ಮ. ಆ ಮಾತು ಅವನ ಕಿವಿಗೆ ಬೀಳಬಾರದು," ಎಂದಳು. ಬ್ರಿಜೆಟ್ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

ಹಾಡು ಮುಗಿಯುವ ಹೊತ್ತಿಗೆ ದೂರದಲ್ಲಿ ನೀರಿನ ಚಿಲುಮೆ ಎದ್ದಿತು. ತಾಯಿ ಮತ್ತು ಮರಿ. ಎಲ್ಲರೂ ರೆಕ್ಕೆ ಕಟ್ಟಿಕೊಂಡರು. ಕೆಪು ಉಡುಪಿನೊಳಗೆ ಮೈ ತುರುಕುತ್ತಾ ಹೇಳಿದ:

"ಲೆಸಿಯೇಲಿ, ನೀನು ಚಹಾ ಮಾಡು. ಇವತ್ತಿಂದ ನೀರಿಗೆ ನಾನೇ ಇಳೀತೀನಿ."

"ಯಾಕೆ ಅಂತ ಹೇಳಿ ಧಣಿ."

"ಕ್ಯಾಪ್ಟನ್ ಹೇಳ್ತಾನೆ."

"ಹೇಳಲಿ. ಕಾರಣ ಬಾಯಿಬಿಟ್ಟು ಹೇಳಿದ್ರೆ ನಾನು ತೆಪ್ಪಗೆ ಒಲೆ ಮುಂದೆ ಕೂರ್ತೀನಿ."

ಎಲ್ಲರೂ ಮಾಫಿಯ ಬೆನ್ನು ನೋಡಿದರು. ಬೆನ್ನು ಮಾತಾಡಿತು: "ಬಾಯಿಬಿಟ್ಟು ಹೇಳುವಂಥ ಕಾರಣ ನನ್ನ ಹತ್ರ ಯಾವುದೂ ಇಲ್ಲ."

ಹೋಲಾನಿಗೆ ನಗು ತಡೆಯಲಾಗಲಿಲ್ಲ. ಕೆಪುವಿಗೆ ರೇಗಿಹೋಯಿತು. "ಬಸುರಿ ಕಣೋ ಇವಳು! ಬಸುರಿ! ಹೊಟ್ಟೆ ಕಾಣಲ್ವಾ ನಿಂಗೆ? ಕಣ್ಣಿಗೇನು ಮಣ್ಣು ಬಿದ್ದಿದೆಯಾ?"

ಎಂಜಿನ್ ನಿಂತಿತು. ಮಾಫಿ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡ. ಅಕ್ಕನ ಕಡೆ ತಿರುಗಲೇ ಇಲ್ಲ.

"ನನ್ನಕ್ಕನ ಎದುರಿಗೇ ನಂಗೆ ಆ ಮಾತು ಕೇಳಿಸಿದ್ರಿ ಧಣಿ. ನೀವು ಅವಳ ಮುಂದೆ ತಪ್ಪೊಪ್ಪಿಕೊಳ್ಳೋವರೆಗೂ ಈ ದೋಣಿ ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಹೋಗಲ್ಲ."

ಕೆಪು ಬೈದ. ಫೋನ್ ತೆಗೆದ, ಅಲ್ಲಿ ಸಿಗ್ನಲ್ ಇರಲಿಲ್ಲ. ಕೆಲಸದಿಂದ ಕಿತ್ತುಹಾಕುತ್ತೇನೆ ಎಂದ. "ಹಾಕಿ, ದಡಕ್ಕೆ ಈಜಿಕೊಂಡು ಹೋಗಿ ಬೇರೆಯವನನ್ನ ಕರ್ಕೊಂಡು ಬನ್ನಿ," ಎಂದ ಮಾಫಿ. ಬಿಸಿಲೇರಿತು. ಗಿರಾಕಿಗಳು ತೆಂಗಿನಹಾಲಿನಲ್ಲಿ ನೆನೆಸಿದ ಹಸಿಮೀನನ್ನು ತಳ ಕೆರೆದು ತಿಂದು, ದುಡ್ಡು ವಾಪಸು ಕೇಳುವ ಮಾತಾಡತೊಡಗಿದರು. ದೋಣಿ ತೇಲುತ್ತಲೇ ಇತ್ತು. ಅತ್ತ ತಿಮಿಂಗಿಲಕ್ಕೂ ಏನೂ ಅವಸರವಿರಲಿಲ್ಲ.

ಕಾಸು ಕೊಟ್ಟ ಬಸಿರು ಈಜಿದರೆ ಆರೋಗ್ಯ, ಕೂಲಿಯ ಬಸಿರು ಈಜಿದರೆ ಅಪಾಯ. ಕೆಪುವಿನ ಲೆಕ್ಕ ಇಷ್ಟೇ. ಅದನ್ನು ಅವನ ಮುಖಕ್ಕೆ ಹೇಳಲು ಲೆಸಿಯೇಲಿಯ ನಾಲಿಗೆ ತುರಿಸುತ್ತಿತ್ತು. ತಮ್ಮ ಅಲ್ಲೇ ಇದ್ದ. ನುಂಗಿಕೊಂಡಳು.

ಕೊನೆಗೆ ಕೆಪು ಸೋತ. ಅಲ್ಲಿಯ ಪದ್ಧತಿಯಂತೆ ತಪ್ಪೊಪ್ಪಿಕೊಳ್ಳುವವನು ಸೊಂಟಕ್ಕೆ ಚಾಪೆ ಸುತ್ತಿಕೊಂಡು ನೆಲದ ಮೇಲೆ ಕೂರಬೇಕು. ದೋಣಿಯಲ್ಲಿದ್ದದ್ದು ಹೋಲಾ ಮೀನು ಒಣಗಿಸುವ ಚಾಪೆಯೊಂದೇ. ಹೋಲಾ ಅದನ್ನೇ ಭಕ್ತಿಯಿಂದ ಬಿಗಿದು ಕಟ್ಟಿದ. ಕೆಪು ಮೀನಿನ ವಾಸನೆಗೆ ಮೂಗು ಸಿಂಡರಿಸಿ, ತಲೆ ತಗ್ಗಿಸಿ ಕೂತ.

"ನನ್ನ ಬಾಯಿ ತಪ್ಪು ಮಾಡ್ತು ಲೆಸಿಯೇಲಿ. ನಾನೇನೂ ಅಂದಿಲ್ಲ ಅಂದ್ಕೋ."

"ಆಯ್ತು ಧಣಿ, ನೀವೇನೂ ಅಂದಿಲ್ಲ. ಹಾಗಾದ್ರೆ ನಾನು ಚಹಾ ಮಾಡೋಕೂ ಕಾರಣ ಇಲ್ಲ. ನೀರಿಗೆ ಯಾರು ಇಳೀಬೇಕು?"

ಕೆಪು ಚಾಪೆ ನೋಡಿದ, ಮಾಫಿಯ ಜೇಬು ನೋಡಿದ. "ನೀನೇ ಇಳಿ ಮಾರಾಯ್ತಿ. ವರ್ಷವೆಲ್ಲ ಇಳಿ."

ನೀರಿನೊಳಗೆ ತಾಯಿ ಕಪ್ಪು ಬಂಡೆಯಂತೆ ನಿಂತಿತ್ತು. ಮರಿ ಮೇಲೆ ಬಂದು ಉಸಿರು ತೆಗೆದುಕೊಂಡು, ಹೊಟ್ಟೆ ಮೇಲೆ ಮಾಡಿ ಉರುಳಿತು. ಬ್ರಿಜೆಟ್ ಹಿಗ್ಗಿ ಅದರ ಕಡೆ ನುಗ್ಗಲು ಹೋದಳು. ಲೆಸಿಯೇಲಿ ಅವಳ ತೋಳು ಹಿಡಿದು ನಿಲ್ಲಿಸಿದಳು. ಇಬ್ಬರೂ ಸುಮ್ಮನೆ ತೇಲಿದರು. ಆಗ ಮರಿ ತಾನೇ ಬಂತು, ಇಬ್ಬರ ಸುತ್ತಲೂ ಒಂದು ಸುತ್ತು ಹಾಕಿತು. ಕೆಳಗಿನಿಂದ ತಾಯಿ ಒಂದು ಕಣ್ಣಿನಲ್ಲಿ ನೋಡಿಕೊಂಡಿತು. ಎಲ್ಲಿಂದಲೋ ಗಂಡು ತಿಮಿಂಗಿಲವೊಂದರ ಹಾಡು ಬಂದು ಪಕ್ಕೆಲುಬಿನಲ್ಲೆಲ್ಲ ಗುಂಯ್‌ಗುಟ್ಟಿತು.

ಬ್ರಿಜೆಟ್ ತಲೆ ಮೇಲೆತ್ತಿ, "ಒಳಗೆ ಒದೀತಾ ಇದೆ ಕಣ್ರೀ!" ಎಂದು ಕೂಗಿದಳು.

ಲೆಸಿಯೇಲಿ ತಿರುಗಿ ನೋಡಿದಳು. ದೋಣಿ ದೂರವಿತ್ತು. ತಮ್ಮನ ಕಿವಿ ಇಲ್ಲಿಗೆ ಮುಟ್ಟುವಂತಿರಲಿಲ್ಲ.

"ನಂದೂ!" ಎಂದು ಅವಳೂ ಕೂಗಿದಳು. "ಐದು ತಿಂಗಳು! ದಿನಾ ಒದೀತದೆ, ಥೇಟ್ ಅವರಪ್ಪನ ಹಾಗೆ!"

ತಿಮಿಂಗಿಲಗಳು ದಕ್ಷಿಣಕ್ಕೆ ಹೊರಡುವವರೆಗೂ ಅವಳು ನೀರಿಗಿಳಿದಳು. ಜನವರಿಯಲ್ಲಿ ಹೆಣ್ಣುಮಗು ಹುಟ್ಟಿತು. ಮರುವರ್ಷವೂ ಅವಳ ಜಾಗ ಅವಳದೇ ಆಗಿತ್ತು. ಆದರೆ ಪಕ್ಕದ ದೋಣಿಯ ಗೈಡ್ ಹುಡುಗಿ ಬಸುರಿಯಾದ ಎರಡು ತಿಂಗಳಿಗೇ ಕೆಲಸ ಕಳೆದುಕೊಂಡು ಮನೆ ಸೇರಿದಳು. ಅವಳ ಕ್ಯಾಪ್ಟನ್ ಅವಳ ತಮ್ಮನಾಗಿರಲಿಲ್ಲ.

ನೀವೂ ಒಂದು ದಿನ ರಜೆ ಹಾಕಿ, ಹೊಟ್ಟೆಯಲ್ಲಿ ಮಗು ಇಟ್ಟುಕೊಂಡೋ ಇಲ್ಲದೆಯೋ, ಇಂಥದೊಂದು ದೋಣಿಯ ಎದುರು ನಿಲ್ಲುತ್ತೀರಿ. ಕಾಸು ಕೊಡುವ ಮೊದಲು ಮಾಲೀಕನ ಮುಖ ನೋಡಿ ಕೇಳಿ: ನನಗೆ ಇರುವ ಹಕ್ಕು ನಿನ್ನ ಆಳಿಗೂ ಇದೆಯಾ? ಅವನು ತಡವರಿಸಿದರೆ ಆ ದೋಣಿ ಹತ್ತಬೇಡಿ.