ಎಲ್ಲರಿಗೂ ಒಂದೇ ರಜೆ

ಓದುಗರೆಲ್ಲರಿಗೂ ನಮಸ್ಕಾರ. ಬರೆದು ಅಭ್ಯಾಸವಿಲ್ಲ ನನಗೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಊರಿನ ಮೋಟಾರ್ ರಿಪೇರಿ ಅಂಗಡಿಯಲ್ಲಿ ಬಹಳ ವರ್ಷ ದುಡಿದು, ಮದುವೆಯಾದ ಮೇಲೆ ಸಂಜೆ ಕಾಲೇಜಿಗೆ ಸೇರಿ ಓದಿದವನು. ಒಂದೊಂದು ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ಒತ್ತಕ್ಷರ, ದೀರ್ಘ ಎಲ್ಲಾದರೂ ತಪ್ಪಿದ್ದರೆ ಬೈದುಕೊಳ್ಳದೆ ತಿದ್ದಿ ಓದಿಕೊಳ್ಳಿ.

ನಾನು ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಸಪೋರ್ಟ್ ಕೆಲಸ ಮಾಡುತ್ತೇನೆ. ಕಾರ್ಖಾನೆಗಳ ಕೆಲಸಗಾರರನ್ನು ಕರೆತಂದು ಬಿಡುವ ಬಸ್ಸುಗಳು ನಮ್ಮ ಸಾಫ್ಟ್‌ವೇರ್ ಹೇಳಿದಂತೆ ಓಡುತ್ತವೆ. ಅದು ಒಂದೇ ದೊಡ್ಡ ಪ್ರೋಗ್ರಾಂ ಅಲ್ಲ, ಸರ್ವಿಸ್ ಎಂದು ಕರೆಯುವ ಚಿಕ್ಕ ಚಿಕ್ಕ ತುಂಡುಗಳು. ಒಂದು ಶಿಫ್ಟ್ ನೋಡುತ್ತದೆ, ಒಂದು ದಾರಿ ಲೆಕ್ಕ ಹಾಕುತ್ತದೆ, ಇನ್ನೊಂದು ಡ್ರೈವರ್ ಮೊಬೈಲಿಗೆ ಟ್ರಿಪ್, ಅಂದರೆ ಯಾರನ್ನು ಎಲ್ಲಿಂದ ಎಲ್ಲಿಗೆ ಬಿಡಬೇಕು ಎನ್ನುವ ಆದೇಶ, ಕಳಿಸುತ್ತದೆ. ಇವೆಲ್ಲ ಹೇಗೆ ನಡೆದುಕೊಳ್ಳಬೇಕು ಎನ್ನುವ ಸೆಟ್ಟಿಂಗ್‌ಗಳನ್ನು ಒಂದೇ ಜಾಗದಲ್ಲಿ ಇಟ್ಟಿದ್ದೇವೆ. ಅಲ್ಲಿ ಯಾರೂ ಒಬ್ಬರೇ ಕೈ ಹಾಕುವಂತಿಲ್ಲ. ಒಬ್ಬರು ಬದಲಾಯಿಸಿದರೆ ಇನ್ನೊಬ್ಬರು ನೋಡಿ ಒಪ್ಪಬೇಕು.

ಆಯುಧ ಪೂಜೆಯ ಹಿಂದಿನ ದಿನ ನಮ್ಮ ಆಫೀಸಿನಲ್ಲಿ ಪೂಜೆ ಇತ್ತು. ಮ್ಯಾನೇಜರ್ ದಾವಣಗೆರೆ ಕಡೆಯವರು. ಪ್ರತಿ ಲ್ಯಾಪ್‌ಟಾಪಿಗೂ ಅವರೇ ವಿಭೂತಿ ಹಚ್ಚುತ್ತಾ ಬರುತ್ತಿದ್ದರು. ಆ ಹೊತ್ತಿಗೆ ಪೀಣ್ಯದ ಡ್ರೈವರ್‌ಗಳಿಂದ ಫೋನ್ ಬಂತು. ಅವರ ಕಾರ್ಖಾನೆಗೆ ಅವತ್ತಿನಿಂದಲೇ ರಜೆ. ಆದರೂ ಮಧ್ಯಾಹ್ನದ ಟ್ರಿಪ್ ಬರುತ್ತಿದೆ ಎಂದರು. ನನ್ನ ಪಕ್ಕದ ಸೀಟಿನ ಮೇಡಂ, ಟ್ರಿಪ್ ನಿಲ್ಲಿಸುವ ರಜೆಯ ಸೆಟ್ಟಿಂಗ್ ಆನ್ ಮಾಡಿದರು, ಮ್ಯಾನೇಜರ್ ಒಪ್ಪಿದರು. ಎಲ್ಲ ನಿಯಮದಂತೆಯೇ ನಡೆಯಿತು. ಪೂಜೆ ಅಂದರೆ ಎಲ್ಲ ಕಡೆ ರಜೆಯೇ ಎಂದು ನಾವೆಲ್ಲ ಎಣಿಸಿದ್ದೆವು.

ಎರಡು ಗಂಟೆ ದಾಟಿದ ಮೇಲೆ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಿಂದ ಫೋನ್ ಬಂತು. ಮಾತಾಡಿದ್ದು ಅಲ್ಲಿನ ಮಹಿಳಾ ಸೂಪರ್‌ವೈಸರ್.

"ಸಾರ್, ಬಸ್ಸೆಲ್ಲಿ? ಬೆಳಗ್ಗೆ ಕೆಲ್ಸ ಮುಗ್ಸಿ, ಮಿಷನ್‌ಗಳಿಗೆ ಪೂಜೆ ಮಾಡಿ, ಪುರಿ, ಸ್ವೀಟು ಹಂಚಿ ಆಯ್ತು. ಹೆಣ್ಮಕ್ಕಳೆಲ್ಲ ಗೇಟ್ ಅತ್ರ ನಿಂತವ್ರೆ."

"ಮೇಡಂ, ಇವತ್ತು ನಿಮಗೆ ರಜ ಅಂತ ತೋರಿಸ್ತಿದೆ."

"ಅದೆಂಗೆ ಸಾರ್ ರಜ? ಬೆಳಗ್ಗೆ ನಿಮ್ ಬಸ್ಸೇ ತಾನೆ ಕರ್ಕೊಂಬಂದಿದ್ದು? ವಾಪಸ್ ಹೋಗಕ್ಕೆ ರೆಕ್ಕೆ ಕಟ್ಕೊಳಾಣ?"

ಹಿಂದೆ ಹೆಂಗಸರು ನಗುವುದು ಕೇಳಿಸಿತು. ಆಮೇಲೆ ಆಕೆ ದನಿ ತಗ್ಗಿಸಿದರು. "ಸಾರ್, ನಾನು ಕೊಳ್ಳೇಗಾಲಕ್ಕೆ ನಾಕ್ ಗಂಟೆ ಬಸ್ಸಲ್ಲಿ ಸೀಟ್ ಬುಕ್ ಮಾಡ್ಸಿವ್ನಿ. ಮಗ ನಮ್ಮವ್ವನ ಅತ್ರ ಅವ್ನೆ. ಸೈಕಲ್ ತೊಳ್ದು ಮಡಗಿವ್ನಂತೆ, ಪೂಜೆ ನಾನೇ ಮಾಡ್ಬೇಕಂತೆ. ಇವ್ರೆಲ್ಲ ಬಸ್ ಹತ್ತೋಗಂಟ ನಾನು ಗೇಟ್ ಬಿಟ್ಟು ಓಗಂಗಿಲ್ಲ."

ಬೊಮ್ಮನಹಳ್ಳಿ ಬಸ್ಸಿನ ಡ್ರೈವರ್‌ಗೆ ನೇರವಾಗಿ ಫೋನ್ ಮಾಡಿದೆ. "ಅಣ್ಣ, ಗಾಡಿ ತೊಳೆದು ಹೂವ ಹಾಕಿ ಇಲ್ಲೇ ರಸ್ತೆ ತಿರುವಲ್ಲಿ ನಿಂತಿದೀನಿ. ಟ್ರಿಪ್ ಬರ್ದೆ ಒಬ್ರನ್ನ ಹತ್ತಿಸಿದ್ರೂ ನನ್ನ ಕೆಲ್ಸ ಹೋಗುತ್ತೆ" ಎಂದ. ಹೆಂಗಸರ ಸುರಕ್ಷತೆಗೆಂದು ಮಾಡಿದ ನಿಯಮ ಅದು. ಅವನದೇನೂ ತಪ್ಪಿಲ್ಲ.

ಪಕ್ಕದ ಮೇಡಂ ಅಷ್ಟರಲ್ಲಿ ಸೆಟ್ಟಿಂಗ್ ತೆರೆದಿದ್ದರು. "ಅಣ್ಣ, ರಜೆ ಆಫ್ ಮಾಡ್ಬಿಡ್ಲಾ?"

"ಮಾಡಿದ್ರೆ ಪೀಣ್ಯಕ್ಕೂ ಟ್ರಿಪ್ ಹೋಗುತ್ತಲ್ಲ ಮೇಡಂ. ಅಲ್ಲಿನ ಡ್ರೈವರ್‌ಗಳು ಬಂದು ಮುಚ್ಚಿದ ಗೇಟ್ ಮುಂದೆ ನಿಂತ್ಕೋತಾರೆ."

"ಹಾಗಂದ್ರೆ ಇಲ್ಲಿ ಇವ್ರು, ಅಲ್ಲಿ ಅವ್ರು. ಸಕ್ಕತ್ ಹಬ್ಬ ಕಣ್ರೀ ಇದು."

ನಮ್ಮ ತೊಡಕು ಅಲ್ಲೇ ಇತ್ತು. ರಜೆ ಎನ್ನುವ ಸೆಟ್ಟಿಂಗ್ ಎಲ್ಲ ಕಾರ್ಖಾನೆಗಳಿಗೂ ಸೇರಿ ಒಂದೇ. ಕಾರ್ಖಾನೆಗೊಂದರಂತೆ ಬರೆಯಲು ಜಾಗವಿತ್ತು, ಯಾರೂ ಬಳಸಿರಲಿಲ್ಲ. ಬೊಮ್ಮನಹಳ್ಳಿಗೆ ಇವತ್ತು ರಜೆ ಇಲ್ಲ ಎಂದು ಅಲ್ಲಿ ನಾನು ಟೈಪ್ ಮಾಡತೊಡಗಿದೆ.

"ಅಣ್ಣ, ನೀವು ಟೈಪ್ ಮಾಡಿ ಮುಗಿಸೋಷ್ಟರಲ್ಲಿ ದೀಪಾವಳಿ ಬರುತ್ತೆ" ಎಂದರು ಮೇಡಂ. ಆದರೂ ಕೀಬೋರ್ಡ್ ಕಸಿದುಕೊಳ್ಳಲಿಲ್ಲ. ಒಂದೊಂದು ಅಕ್ಷರವನ್ನೂ ಜೊತೆಗೆ ಓದಿ ನೋಡಿದರು.

ಮ್ಯಾನೇಜರ್ ಬಂದು ಬೆರಳಿನ ವಿಭೂತಿ ಒರೆಸಿಕೊಂಡು ಒಪ್ಪಿಗೆ ಒತ್ತಿದರು. ಹತ್ತು ನಿಮಿಷ ಕಾದೆವು. ಟ್ರಿಪ್ ಹೋಗಲೇ ಇಲ್ಲ.

"ಏನಾತ್ರೀ? ಬದಲಿ ಮಾಡೀವಲ್ಲ?" ಎಂದರು ಮ್ಯಾನೇಜರ್.

"ಮಾಡಿದೀವಿ ಸಾರ್. ಟ್ರಿಪ್ ಕಳ್ಸೋ ಸರ್ವಿಸ್ ಗಂಟೆಗೊಂದ್ಸಲ ಮಾತ್ರ ಸೆಟ್ಟಿಂಗ್ ಓದುತ್ತೆ. ಅದಿನ್ನೂ ಹಳೇದನ್ನೇ ಹಿಡ್ಕೊಂಡು ಕೂತಿದೆ" ಎಂದರು ಮೇಡಂ.

"ಹಂಗಾರ ನಿಲ್ಸಿ ಮತ್ತ ಚಾಲೂ ಮಾಡ್ರಿ, ಅದರ ಮಾರಿ ಏನ್ ನೋಡ್ತೀರಿ?"

ನಿಲ್ಲಿಸಿ ಮತ್ತೆ ಶುರು ಮಾಡಿದೆವು. ಸ್ವಲ್ಪ ಹೊತ್ತಿಗೆ ಡ್ರೈವರ್ ತಾನೇ ಫೋನ್ ಮಾಡಿ, "ಬಂತಣ್ಣ ಟ್ರಿಪ್ಪು" ಎಂದ. ಹಿಂದಿನಿಂದ ಬಸ್ಸಿನ ಬಾಗಿಲು ಬಡಿಯುವ ಸದ್ದು, ಹೆಂಗಸರ ಗಲಾಟೆ. ಅಷ್ಟರಲ್ಲಿ ನಾಲ್ಕು ಗಂಟೆ ಆಗುತ್ತಾ ಬಂದಿತ್ತು. ಉಳಿದ ಕಾರ್ಖಾನೆಗಳಿಗೆ ಫೋನ್ ಮಾಡಿ, ಯಾರಿಗೆ ರಜೆ ಯಾರಿಗಿಲ್ಲ ಎಂದು ಕೇಳಿ, ಒಂದೊಂದನ್ನೂ ಬೇರೆಬೇರೆಯಾಗಿ ಬರೆದು ಮನೆಗೆ ಹೊರಟೆವು.

ಹಬ್ಬ ಕಳೆದು ಕೆಲಸ ಶುರುವಾದ ದಿನ ನಾನೇ ಆ ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. ಕೊಳ್ಳೇಗಾಲದ ಬಸ್ಸು ಸಿಕ್ಕಿತಾ ಎಂದು ಕೇಳಲು ಬಾಯಿ ಬರಲಿಲ್ಲ. ಅವರೇ ಹೇಳಿದರು.

"ಸಿಕ್ಕಿಲ್ಲ ಸಾರ್. ಹಬ್ಬದ ರಶ್ಶು, ಬೇರೆ ಯಾವ್ದ್ರಲ್ಲೂ ಸೀಟಿಲ್ಲ. ಮಾರ್ನೆ ದಿನ ನಿಂತ್ಕೊಂಡೇ ಓದೆ. ಓಗೋ ಒತ್ಗೆ ಮಗ ತಾನೇ ಕುಂಕುಮ ಅಚ್ಚಿ, ಚಕ್ರದಡಿ ನಿಂಬೆಹಣ್ಣು ಮಡಗಿ ತುಳಿಸಿ, ಸೈಕಲ್ ತಕ್ಕೊಂಡು ಬೀದಿ ಸುತ್ತಕ್ಕೆ ಓಗ್ಬಿಟ್ಟಿದ್ದ."

ತಪ್ಪಾಯಿತು ಎಂದೆ. "ಓಗ್ಲಿ ಬುಡಿ ಸಾರ್. ಮುಂದ್ಲು ಕಿತ ನಮ್ಗೆ ರಜ ಯಾವತ್ತು ಅನ್ನದ್ನ ನಮ್ಮನ್ನೇ ಕೇಳಿ. ನಿಮ್ ಕಂಪ್ಯೂಟ್ರ ಕೇಳ್ಬೇಡಿ" ಎಂದರು.

ಈ ಮಾತನ್ನು ಮೀಟಿಂಗಿನಲ್ಲಿ ಹಾಗೆಯೇ ಹೇಳಿದೆ. ಎಲ್ಲರಿಗೂ ಸೇರಿದ್ದ ಆ ರಜೆಯ ಸೆಟ್ಟಿಂಗನ್ನು ತೆಗೆದುಹಾಕಿದರು. ಸೆಟ್ಟಿಂಗ್ ಬದಲಾದ ಕೂಡಲೇ ಎಲ್ಲ ಸರ್ವಿಸ್‌ಗಳಿಗೂ ಸುದ್ದಿ ಮುಟ್ಟುವಂತೆ ಮಾಡಿದರು. ಕಾರ್ಖಾನೆಗಳಿಗೆ ಫೋನ್ ಮಾಡಿ ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಮೊನ್ನೆ ಸಂಕ್ರಾಂತಿಗೂ ಒಬ್ಬೊಬ್ಬರನ್ನೂ ಕೇಳಿದೆ. ಒಂದೊಂದು ಕಾರ್ಖಾನೆಯವರದು ಒಂದೊಂದು ಥರ. ಬೊಮ್ಮನಹಳ್ಳಿಯವರನ್ನು ಮಾತ್ರ ಎರಡು ಸಲ ಕೇಳುತ್ತೇನೆ.

ನಿಮ್ಮ ಕಡೆಯೂ ಹೀಗೆ, ಎಲ್ಲರಿಗೂ ಒಂದೇ ಎಂದು ಯಾರೋ ಬರೆದಿಟ್ಟದ್ದರಿಂದ ಒಬ್ಬರು ದಾರಿಯಲ್ಲಿ ನಿಲ್ಲಬೇಕಾಗಿ ಬಂದದ್ದು ಇದ್ದೀತು. ಆಫೀಸಿನದಾಗಲಿ, ಕಾರ್ಖಾನೆಯದಾಗಲಿ, ದಯವಿಟ್ಟು ಬರೆದು ತಿಳಿಸಿ.